ಛತ್ರ

ವರ್ಷದಲ್ಲಿ ನಾಲ್ಕು ತಿಂಗಳು ಕೊಡೆಯಿಲ್ಲದೆ ಹೊಸ್ತಿಲು ದಾಟಲಾಗದ ಸೀಮೆ ನಮ್ಮದು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಮನೆಯ ಜಗಲಿಯನ್ನು ಹೊಕ್ಕರೂ ಗೋಡೆಯ ಮೊಳೆಗೆ ತೂಗಿದ ಕರಿಯ ಕೊಡೆಯೊಂದು ಕಣ್ಣಿಗೆ ಬೀಳದಿರದು. ಮೂವತ್ತೈದು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ನಾವು ಕಳೆದುಕೊಂಡ ಕೊಡೆಗಳ ಲೆಕ್ಕವನ್ನು ನಮ್ಮ ಗೃಹಿಣಿ ಇಟ್ಟಿದ್ದಾಳೆ; ನಾವು ಇಟ್ಟಿಲ್ಲ. ಆದರೆ ಈಗ ನಾವು ಹೇಳಹೊರಟಿರುವುದು ಮಳೆಯ ಕೊಡೆಯನ್ನು ಕುರಿತಲ್ಲ. ಮನುಷ್ಯನನ್ನು ಆಕಾಶದಿಂದ ನೆಲಕ್ಕೆ ಇಳಿಸುವ ಕೊಡೆಯೊಂದುಂಟು. ಅದಕ್ಕೆ ಪ್ಯಾರಾಶೂಟು ಎಂದು ಹೆಸರು. ಅದರ ವಿಚಾರವನ್ನೂ, ಅದರಿಂದ ನಮಗಾದ ಒಂದು ಪಾಠವನ್ನೂ, ಬಹುಕಾಲ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ತಪ್ಪನ್ನೂ ವಾಚಕರ ಮುಂದಿಡಬೇಕೆಂದು ಮನಸ್ಸು ಮಾಡಿದ್ದೇವೆ.

2021ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಮೊಮ್ಮಗನ ನಾಮಕರಣದ ನಿಮಿತ್ತ ರಜೆ ಪಡೆದು ನಾವು ಬೆಂಗಳೂರಿಗೆ ಹೋಗಿದ್ದೆವು. ಮಗಳ ಮನೆ ಇರುವುದು ಯಲಹಂಕದ ಕಡೆ. ಒಂದು ದಿನ ಅಳಿಯಂದಿರು, "ಮಾವ, ತಾರಸಿಗೆ ಬನ್ನಿ, ಒಂದು ವಿಶೇಷವನ್ನು ನೋಡಬಹುದು" ಎಂದು ಕರೆದರು. 1971ರ ಯುದ್ಧಕ್ಕೆ ಐವತ್ತು ವರ್ಷ ತುಂಬಿದ ನೆನಪಿಗಾಗಿ ಯಲಹಂಕದ ವಾಯುಸೇನಾ ನೆಲೆಯಲ್ಲಿ ಸಮ್ಮೇಳನವೊಂದು ನಡೆದಿತ್ತು. ಅದರ ಅಂಗವಾಗಿ ಟಾಂಗೈಲ್ ಎಂಬಲ್ಲಿ ಅಂದು ನಡೆದ ಆಕಾಶದ ಇಳಿತವನ್ನು ಮರಳಿ ಮಾಡಿ ತೋರಿಸುತ್ತಿದ್ದರು. ಹಳೆಯ ಡಕೋಟಾ ವಿಮಾನವೊಂದು ಬಿಸಿಲಿನಲ್ಲಿ ಮಿನುಗುತ್ತ ಬಂದಿತು. ಜೊತೆಗೆ ಈ ಕಾಲದ ಎ.ಎನ್-32 ವಿಮಾನಗಳೂ ಬಂದವು. ದೂರದ ಬಾನಿನಲ್ಲಿ ಕೊಡೆಗಳು ಒಂದೊಂದಾಗಿ ಅರಳಿ, ಅವಸರವಿಲ್ಲದೆ ಇಳಿದು, ಮನೆಗಳ ಮರೆಗೆ ಸರಿದವು.

ಆ ಡಕೋಟಾದ ಹೆಸರು 'ಪರಶುರಾಮ' ಎಂದು ಅಳಿಯಂದಿರು ಹೇಳಿದಾಗ ನಮಗಾದ ಸಂತೋಷವನ್ನು ಏನೆಂದು ಹೇಳೋಣ! ಕೊಡಲಿಯನ್ನೆಸೆದು ಸಮುದ್ರದಿಂದ ನೆಲವನ್ನು ಪಡೆದನೆಂಬ ಆ ಭಾರ್ಗವನ ಕ್ಷೇತ್ರದಲ್ಲಿಯೇ ಹುಟ್ಟಿ ಬೆಳೆದವರು ನಾವು. ಮುರಿದು ಮೂಲೆಗೆ ಬಿದ್ದಿದ್ದ ಆ ವಿಮಾನವನ್ನು ರಾಜೀವ್ ಚಂದ್ರಶೇಖರ್ ಅವರು ವಿಲಾಯತಿಯಲ್ಲಿ ಸರಿಪಡಿಸಿ, ಡಕೋಟಾ ಚಾಲಕರಾಗಿದ್ದ ತಮ್ಮ ತಂದೆಯ ಗೌರವಾರ್ಥವಾಗಿ ವಾಯುಸೇನೆಗೆ ಅರ್ಪಿಸಿದರು. 2018ರಲ್ಲಿ ಅದು ತನ್ನ ರೆಕ್ಕೆಗಳ ಮೇಲೆಯೇ ಭಾರತಕ್ಕೆ ಹಾರಿ ಬಂದಿತು. ಅದರ ಮೈಮೇಲೆ ವಿ.ಪಿ. 905 ಎಂಬ ಸಂಖ್ಯೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ ಸಂಖ್ಯೆಯನ್ನೇ ನೆನಪಿಗಾಗಿ ಇದಕ್ಕೆ ಕೊಟ್ಟಿದ್ದಾರೆ.

ಇಷ್ಟೆಲ್ಲ ಕೇಳಿ ಸಂತೋಷಪಟ್ಟ ನಾವು, ಕಡೆಯಲ್ಲಿ ಮಾತ್ರ ಒಂದು ಕುಹಕದ ಮಾತನ್ನಾಡಿದೆವು. "ಅಂದು ಶತ್ರುವಿನ ನೆಲದ ಮೇಲೆ ಹಾರಿದ್ದು ಶೌರ್ಯ, ಇಂದು ಬೆಂಗಳೂರಿನ ಬಯಲಿನಲ್ಲಿ ಹಾರುವುದು ನಾಟಕ" ಎಂದೆವು. ಅಳಿಯಂದಿರು ಮರುಮಾತನಾಡಲಿಲ್ಲ. ಆದರೆ ಆ ಮಾತು ವಿಚಾರದಿಂದ ಹುಟ್ಟಿದುದಲ್ಲ, ಒಳಗಿನ ಯಾವುದೋ ಅಳುಕಿನಿಂದ ಹುಟ್ಟಿದುದೆಂಬುದು ಅದನ್ನು ಆಡಿದ ಗಳಿಗೆಯಲ್ಲಿಯೇ ನಮಗೆ ತಿಳಿದಿತ್ತು. ಆ ಅಳುಕು ಯಾವುದೆಂದು ಹೇಳುವುದಕ್ಕೆ ಮೊದಲು ಟಾಂಗೈಲಿನ ಸಂಗತಿಯನ್ನು ಸ್ವಲ್ಪ ಹೇಳಬೇಕು.

1971ರಲ್ಲಿ ನಮಗೆ ಏಳು ವರ್ಷ. ಬ್ರಹ್ಮಾವರದಲ್ಲಿ ನಮ್ಮ ನೆರೆಮನೆಯವರಲ್ಲಿ ರೇಡಿಯೋ ಇತ್ತು. ಡಿಸೆಂಬರಿನ ಸಂಜೆಗಳಲ್ಲಿ ಊರ ಹಿರಿಯರು ಅದರ ಸುತ್ತ ಎಲೆಯಡಿಕೆ ಹಾಕಿಕೊಂಡು ಕುಳಿತು ಯುದ್ಧವಾರ್ತೆಯನ್ನು ಕೇಳುವರು. 'ಛತ್ರಿ ಸೈನಿಕರು ಇಳಿದರಂತೆ' ಎಂಬ ಮಾತು ನಮ್ಮ ಕಿವಿಗೆ ಬಿದ್ದದ್ದೇ ತಡ, ಮರುದಿನ ನಾವು ತಂದೆಯವರ ಕೊಡೆಯನ್ನು ಬಿಚ್ಚಿಕೊಂಡು ಅಂಗಳದಂಚಿನ ಬೈಹುಲ್ಲಿನ ಕುತ್ರಿಯನ್ನು ಹತ್ತಿ ಕೆಳಕ್ಕೆ ಹಾರಿದೆವು. ಕೊಡೆ ತಲೆಕೆಳಗಾಯಿತು, ಮೂರು ಕಡ್ಡಿಗಳು ಮುರಿದವು. ನಮ್ಮ ಕಾಲು ಮುರಿಯಲಿಲ್ಲವೆಂಬ ಸಮಾಧಾನಕ್ಕಿಂತ ಕೊಡೆ ಮುರಿಯಿತೆಂಬ ಸಂಕಟವೇ ಆ ದಿನ ಮನೆಯಲ್ಲಿ ಹೆಚ್ಚಾಗಿ, ಬೆತ್ತದ ರುಚಿಯೂ ದೊರೆಯಿತು.

ನಡೆದದ್ದು ಹೀಗೆ. ಇಂದು ಬಾಂಗ್ಲಾದೇಶವಾಗಿರುವ ಅಂದಿನ ಪೂರ್ವ ಪಾಕಿಸ್ತಾನದ ಉತ್ತರದಲ್ಲಿ ಜಮಾಲಪುರ, ಮೈಮನ್‌ಸಿಂಗ್ ಎಂಬ ಊರುಗಳಲ್ಲಿದ್ದ ಶತ್ರುಸೇನೆ ಢಾಕಾದ ಕಡೆಗೆ ಹಿಂದೆ ಸರಿಯುತ್ತಿತ್ತು. ಅದು ಢಾಕಾವನ್ನು ಸೇರಿಕೊಂಡರೆ ರಾಜಧಾನಿಯ ಕಾವಲು ಬಲವಾಗಿ, ಯುದ್ಧ ಬೆಳೆದು, ಮತ್ತಷ್ಟು ಜೀವಗಳು ಹೋಗುತ್ತಿದ್ದವು. ಹಾದಿಯಲ್ಲಿ ಟಾಂಗೈಲಿನ ಸಮೀಪ ಲೋಹಜಂಗ್ ಎಂಬ ನದಿ. ಅದಕ್ಕೆ ಪೂಂಗ್ಲಿ ಎಂಬಲ್ಲಿ ಒಂದು ಸೇತುವೆ. ಆ ಸೇತುವೆಯನ್ನು ಹಿಡಿದು ಹಾದಿಯನ್ನು ಕಡಿಯಬೇಕು. ಸೇತುವೆಯ ಬೆಲೆಯನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೀತಾನದಿಯಿಂದ ಸೌಪರ್ಣಿಕೆಯವರೆಗೆ ಹೊಳೆಗೊಂದು ಕಡವು ಇದ್ದ ಕಾಲವನ್ನು ನಮ್ಮ ಅಜ್ಜಂದಿರು ಕಂಡಿದ್ದರು. ಕಡವಿನ ದೋಣಿ ಆಚೆಯ ದಡದಲ್ಲಿದ್ದರೆ ಮದುವೆಯ ದಿಬ್ಬಣವೂ ನಿಲ್ಲಬೇಕು, ಹೆರಿಗೆಯ ಹೆಂಗಸೂ ನಿಲ್ಲಬೇಕು. ಸೈನ್ಯವಾದರೂ ಅಷ್ಟೆ.

1971ರ ಡಿಸೆಂಬರ್ 11ರ ಸಂಜೆ, ಹೊತ್ತು ಮುಳುಗುವ ಸಮಯಕ್ಕೆ, ಪ್ಯಾರಾಶೂಟ್ ರೆಜಿಮೆಂಟಿನ ಎರಡನೆಯ ಪಟಾಲಮ್ಮಿನವರೂ ಅವರೊಂದಿಗಿದ್ದ ಫಿರಂಗಿ, ಎಂಜಿನಿಯರ್, ವೈದ್ಯ ತುಕಡಿಗಳವರೂ ಸೇರಿ ಸುಮಾರು 700 ಮಂದಿ ಅಲ್ಲಿ ಧುಮುಕಿದರು. ಅವರ ನಾಯಕರು ಲೆಫ್ಟಿನೆಂಟ್ ಕರ್ನಲ್ ಕುಲವಂತ ಸಿಂಗ್ ಪನ್ನು. ಈ ಪಟಾಲಮ್ಮು ಮೊದಲು ಮರಾಠಾ ಪದಾತಿದಳದ್ದು. ಆ ದಳದ ಕೇಂದ್ರವಾದರೋ ನಮ್ಮ ಬೆಳಗಾವಿಯಲ್ಲಿಯೇ ಇದೆ. ಮೇಲಿನಿಂದ ಹಾಕಿದ ಸಾಮಾನಿನಲ್ಲಿ ಕೆಲವು ಹಳ್ಳಿಯ ಕೊಳಗಳಲ್ಲಿ ಬಿದ್ದವು; ಊರ ಜನರೇ ಓಡಿ ಬಂದು ಹೊರೆಗಳನ್ನು ಹೊತ್ತುಕೊಟ್ಟರು. ಅದೇ ಸಂಜೆ ಸೇತುವೆ ಕೈವಶವಾಯಿತು. ರಾತ್ರಿ ಹಿಂದೆ ಸರಿದು ಬರುತ್ತಿದ್ದ ಸೇನೆ ಬಂದು ತಾಕಿ ಕಾಳಗವಾಯಿತು. ಮರುದಿನ ಸಂಜೆ ಉತ್ತರದಿಂದ ನೆಲದ ಮಾರ್ಗವಾಗಿ ಬಂದು ಅವರನ್ನು ಕೂಡಿಕೊಂಡವರೂ ಮರಾಠಾ ದಳದ ಒಂದನೆಯ ಪಟಾಲಮ್ಮಿನವರೇ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನು ಆಕಾಶದಿಂದಲೂ ಒಬ್ಬನು ನೆಲದಿಂದಲೂ ಬಂದು ಸೇತುವೆಯ ಮೇಲೆ ಕೈಹಿಡಿದಂತಾಯಿತು. ಡಿಸೆಂಬರ್ 16ರಂದು ಢಾಕಾ ಶರಣಾಯಿತು. ನಗರವನ್ನು ಮೊದಲು ಹೊಕ್ಕವರು ಈ ಛತ್ರಿ ಸೈನಿಕರು.

ಇನ್ನು ನಮ್ಮ ಅಳುಕಿನ ಕಥೆ. 2002ರಲ್ಲಿ ನಾವು ಬೈಂದೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತೋಪಾಧ್ಯಾಯರಾಗಿದ್ದೆವು. ಎರಡು ವರ್ಷ ಮೊದಲು ನಮ್ಮಲ್ಲಿ ಓದಿ ಹೋಗಿದ್ದ ಹುಡುಗನೊಬ್ಬನು ಒಂದು ದಿನ ಬಂದನು. ಸೈನ್ಯಕ್ಕೆ ಜನರನ್ನು ಆರಿಸುವ ದಿನ ಹತ್ತಿರವಾಗಿತ್ತು. ಅವನಿಗೆ ಶಾಲೆಯಿಂದ ನಡತೆಯ ಪ್ರಮಾಣಪತ್ರ ಬೇಕಾಗಿತ್ತು. ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದುದರಿಂದ ಆ ವಾರ ಮುದ್ರೆಯ ಕಪಾಟಿನ ಕೀಲಿಕೈ ನಮ್ಮ ವಶದಲ್ಲಿತ್ತು. ಹುಡುಗನು ಬರುವುದಕ್ಕೆ ಹಿಂದಿನ ಸಂಜೆಯೇ ಅವನ ತಾಯಿ ನಮ್ಮ ಬಿಡಾರಕ್ಕೆ ಬಂದಿದ್ದಳು. ಗಂಡನನ್ನು ಕಳೆದುಕೊಂಡು, ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಮಗನನ್ನು ಸಾಕಿದ ಹೆಂಗಸು. ಬಾಗಿಲ ಬಳಿಯಲ್ಲಿಯೇ ನಿಂತು, "ಮಾಷ್ಟ್ರೇ, ನಂಗ್ ಇಪ್ಪುದ್ ಒಬ್ನೇ ಮಾಣಿ. ನೀವ್ ಹೇಳ್ರ್ ಕೇಂತ. ಒಂದ್ ಮಾತ್ ಹೇಳಿ ಕಾಣಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾವು ಅವನಿಗೆ ಒಂದು ಮಾತು ಹೇಳಬಹುದಾಗಿತ್ತು. ಅವನು ಕೇಳುತ್ತಿದ್ದನೋ ಬಿಡುತ್ತಿದ್ದನೋ, ಅದು ಅವನ ಇಚ್ಛೆ. ನಾವು ಹಾಗೆ ಮಾಡಲಿಲ್ಲ. "ಕಪಾಟಿನ ಕೀಲಿಕೈ ಸಿಕ್ಕುತ್ತಿಲ್ಲ, ನಾಳೆ ಬಾ" ಎಂದೆವು. ಮರುದಿನವೂ ಅದೇ ಮಾತು. ಮೂರನೆಯ ದಿನವೂ ಅದೇ. ಕೀಲಿಕೈ ನಮ್ಮ ಜೇಬಿನಲ್ಲಿಯೇ ಇತ್ತು. ನಾಲ್ಕನೆಯ ದಿನ ಅವನು ಬರಲಿಲ್ಲ, ಆರಿಸುವ ದಿನ ಕಳೆದುಹೋಗಿತ್ತು. ಸತ್ಯವೇ ಪರಮಧರ್ಮವೆಂದು ಕರಿಹಲಗೆಯ ಮೇಲೆ ವರ್ಷಕ್ಕೊಮ್ಮೆ ಬರೆಯುತ್ತಿದ್ದ ಕೈ ಈ ಕೆಲಸವನ್ನು ಮಾಡಿತು. ತಾಯಿಯ ಕಣ್ಣೀರಿಗಾಗಿ ಆಡಿದ ಸುಳ್ಳು ಸುಳ್ಳಲ್ಲವೆಂದು ನಾವು ಮನಸ್ಸನ್ನು ಒಪ್ಪಿಸಿದೆವು. ಮನಸ್ಸು ಒಪ್ಪಿದಂತೆ ನಟಿಸಿತು. ಮರುವರ್ಷ ಅವನು ನಮ್ಮನ್ನು ಕೇಳದೆಯೇ ಪತ್ರವನ್ನು ಪಡೆದು ಸೈನ್ಯಕ್ಕೆ ಸೇರಿದನೆಂದೂ, ಅಲ್ಲಿ ಪ್ಯಾರಾಶೂಟ್ ದಳವನ್ನು ತಾನೇ ಕೇಳಿ ಆರಿಸಿಕೊಂಡನೆಂದೂ ಆಮೇಲೆ ತಿಳಿಯಿತು. ಆಕಾಶದಲ್ಲಿ ವಿಮಾನದ ಸದ್ದು ಕೇಳಿದಾಗಲೆಲ್ಲ ನಮ್ಮ ಕೈ ಜೇಬಿಗೆ ಹೋಗುವುದು ಅಂದಿನಿಂದ ಬಂದ ಅಭ್ಯಾಸ.

ಯಲಹಂಕದಿಂದ ಮರಳಿದ ಮೇಲೆ, ಅದೇ ವರ್ಷದ ಡಿಸೆಂಬರ್ 16ರಂದು, ಕುಂದಾಪುರದ ಕಡೆಗೆ ನಾವು ವರ್ಗವಾಗಿ ಬಂದಿದ್ದ ಶಾಲೆಯಲ್ಲಿ ವಿಜಯದಿವಸದ ಸಭೆಯಾಯಿತು. ಸೇವೆಯಿಂದ ನಿವೃತ್ತನಾಗಿ ಊರಿಗೆ ಬಂದಿದ್ದ ಸೈನಿಕನೊಬ್ಬನನ್ನು ಅತಿಥಿಯಾಗಿ ಕರೆದಿದ್ದರು. ಅತಿಥಿಯು ವೇದಿಕೆಯನ್ನೇರಿದಾಗ ನೋಡುತ್ತೇವೆ, ಅವನೇ! ಪರಿಚಯಭಾಷಣ ನಮ್ಮ ಪಾಲಿಗೆ ಬಂದಿತ್ತು. ಏನು ಹೇಳಿದೆವೋ ನಮಗೆ ನೆನಪಿಲ್ಲ.

ಅವನು ಶೌರ್ಯದ ಮಾತೊಂದನ್ನೂ ಆಡಲಿಲ್ಲ. ಆಗ್ರಾದಲ್ಲಿರುವ ಪ್ಯಾರಾಶೂಟ್ ಬ್ರಿಗೇಡಿನ ವೈದ್ಯದಳದಲ್ಲಿ ತಾನು ಶುಶ್ರೂಷಕನಾಗಿದ್ದೆನೆಂದು ಹೇಳಿದನು. ಭಾರತೀಯರಲ್ಲಿ ಮೊದಲು ಪ್ಯಾರಾಶೂಟಿನಿಂದ ಇಳಿದವರಲ್ಲಿ ಒಬ್ಬರಾದ ಎ. ಜಿ. ರಂಗರಾಜ್ ಅವರು ವೈದ್ಯರೆಂದೂ, 1951ರ ಮಾರ್ಚ್ ತಿಂಗಳಲ್ಲಿ ಕೊರಿಯಾದ ಯುದ್ಧದಲ್ಲಿ ಅವರು ಸಣ್ಣದೊಂದು ತಂಡದೊಡನೆ ಅಮೆರಿಕದ ಸೈನಿಕರ ಜೊತೆಗೆ ಧುಮುಕಿ ಗಾಯಾಳುಗಳನ್ನು ಉಪಚರಿಸಿದರೆಂದೂ ತಿಳಿಸಿದನು. ಕೊಲ್ಲುವುದಕ್ಕಲ್ಲದೆ ಬದುಕಿಸುವುದಕ್ಕಾಗಿಯೂ ಆಕಾಶದಿಂದ ಹಾರುವವರುಂಟೆಂಬುದು ನಮಗೆ ಅದುವರೆಗೆ ತಿಳಿದಿರಲಿಲ್ಲ.

ಆಮೇಲೆ ಮಕ್ಕಳಿಗೆ ಹಾರುವ ಕ್ರಮವನ್ನು ವಿವರಿಸಿದನು. ಕಲಿಯುವವನು ಐದು ಸಲ ಹಾರಬೇಕು, ಅದರಲ್ಲಿ ಒಂದು ಸಲ ರಾತ್ರಿಯಲ್ಲಿ. ಆಗ ಎದೆಯ ಮೇಲೆ ರೆಕ್ಕೆಯ ಲಾಂಛನ. ಬೆನ್ನಿನ ಮೇಲಿನ ಗಂಟಿನಿಂದ ಹೊರಟ ಪಟ್ಟಿಯನ್ನು ವಿಮಾನದೊಳಗಿನ ತಂತಿಗೆ ಕೊಕ್ಕೆ ಹಾಕಿರುತ್ತಾರೆ. ಬಾಗಿಲ ಬಳಿ ಕೆಂಪು ದೀಪ. ಅದು ಹಸಿರಾದೊಡನೆ ಹೊರಕ್ಕೆ ಹೆಜ್ಜೆ. ಮೈಯ ಭಾರವೇ ಪಟ್ಟಿಯನ್ನು ಸೆಳೆದು ಕೊಡೆಯನ್ನು ಬಿಚ್ಚುತ್ತದೆ. ಬಿಚ್ಚದಿದ್ದರೆ ಎದೆಯ ಮೇಲೆ ಮತ್ತೊಂದು ಚಿಕ್ಕ ಕೊಡೆ. ನೆಲ ಹತ್ತಿರವಾದಾಗ ಎರಡು ಪಾದಗಳನ್ನೂ ಜೋಡಿಸಿ, ಮಂಡಿಯನ್ನು ತುಸು ಬಾಗಿಸಿ, ತಾಗಿದ ಕೂಡಲೆ ಪಕ್ಕಕ್ಕೆ ಉರುಳಬೇಕು. ನೆಟ್ಟಗೆ ನಿಲ್ಲುವ ಜಂಬ ಮಾಡಿದವನ ಕಾಲು ಮುರಿಯುತ್ತದೆ. "ಹೆದರಿಕೆಯಾಗುವುದಿಲ್ಲವೇ?" ಎಂದು ಒಂದು ಹುಡುಗಿ ಕೇಳಿದಳು. "ಪ್ರತಿ ಸಲವೂ ಆಗುತ್ತದೆ. ನನ್ನ ಕೊಡೆಯನ್ನು ಮಡಚಿದವನು ನಾನಲ್ಲ. ಮಡಚಿದವನು ಪುಸ್ತಕದಲ್ಲಿ ಸಹಿ ಹಾಕಿರುತ್ತಾನೆ. ಅವನ ಮುಖವನ್ನು ಕೂಡ ಕೆಲವು ಸಲ ನಾನು ಕಂಡಿರುವುದಿಲ್ಲ. ಅವನನ್ನು ನಂಬಿ ಹೆಜ್ಜೆ ಇಡುವುದು" ಎಂದನು.

ಕುಹಕದ ಮಾತು ನಮ್ಮ ನಾಲಗೆಯ ತುದಿಯಲ್ಲಿ ಇನ್ನೂ ಇತ್ತು. ನಾವೇ ಎದ್ದು, "ಅಂದು ಹಾರಿದ್ದು ಸರಿ, ನೆನಪಿಗಾಗಿ ಮತ್ತೆ ಮತ್ತೆ ಹಾರುವುದೇಕೆ? ಕಲ್ಲಿನ ಸ್ತಂಭಕ್ಕೆ ಹೂವಿಟ್ಟರೆ ಸಾಲದೇ?" ಎಂದು ಕೇಳಿದೆವು. ಅವನು ನಮ್ಮನ್ನು ನೋಡಿ ನಗುತ್ತ ಉತ್ತರವಿತ್ತನು: "ಮಾಷ್ಟ್ರೇ, ಬಾಗಿಲಿನಲ್ಲಿ ನಿಂತಾಗ ಕೆಳಗಿರುವುದು ಟಾಂಗೈಲೋ ಆಗ್ರಾವೋ ಎಂಬುದು ಕಾಲಿಗೆ ತಿಳಿಯುವುದಿಲ್ಲ. ಕೆಳಗೆ ಶತ್ರುವಿಲ್ಲವೆಂದು ನೆಲವೇನೂ ಮೆತ್ತಗಾಗುವುದಿಲ್ಲ. ಅಂದು ಹಾರಿದವರ ಎದೆಯಲ್ಲಿ ಏನಿತ್ತೆಂಬುದನ್ನು ಪುಸ್ತಕದಿಂದ ತಿಳಿಯಲಾಗಲಿಲ್ಲ. ಬಾಗಿಲಿಗೆ ಬಂದು ನಿಂತ ಮೇಲೆ ತಿಳಿಯಿತು. ಅದಕ್ಕಾಗಿ ಹಾರುವುದು."

ನಾವು ಕುಳಿತೆವು. ಎರಡನೆಯ ಮಹಾಯುದ್ಧದಲ್ಲಿ, 1944ರ ಸೆಪ್ಟೆಂಬರಿನಲ್ಲಿ, ಹಾಲೆಂಡಿನ ಆರ್ನೆಮ್ ಸೇತುವೆಗಾಗಿ ಧುಮುಕಿದವರ ನೆನಪಿಗೆ ಅಲ್ಲಿಯ ಏಡೆ ಎಂಬ ಊರಿನ ಬಯಲಿನಲ್ಲಿ ಸೆಪ್ಟೆಂಬರ್ ಬಂದಾಗ ಸೈನಿಕರು ಧುಮುಕುವುದನ್ನು ಪತ್ರಿಕೆಗಳಲ್ಲಿ ಓದಿದ್ದೆವು. ಅದೇ 1944ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಹಾರಿದ್ದ ಟಾಮ್ ರೈಸ್ ಎಂಬ ಅಮೆರಿಕದವರು, 2019ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ಇನ್ನೊಬ್ಬನ ಮೈಗೆ ತಮ್ಮ ಮೈಯನ್ನು ಕಟ್ಟಿಸಿಕೊಂಡು ಅಲ್ಲಿಯೇ ಮತ್ತೊಮ್ಮೆ ಹಾರಿದ್ದರು. ಅಂದು ಅದನ್ನು ಮುದುಕನ ಹುಚ್ಚೆಂದು ಓದಿ ಮಡಚಿಟ್ಟಿದ್ದೆವು. ಈಗ ಅರ್ಥವಾಯಿತು. ಸ್ಮರಣೆಯೆಂದರೆ ಮನಸ್ಸಿನಲ್ಲಿ ಹೆಸರನ್ನು ತಿರುವಿಹಾಕುವುದಷ್ಟೇ ಅಲ್ಲ. ಅವರು ನಿಂತ ಬಾಗಿಲಿನಲ್ಲಿ ನಾವೂ ಒಮ್ಮೆ ನಿಲ್ಲುವುದು. ಪಿತೃಗಳಿಗೆ ಶ್ರದ್ಧೆಯಿಂದ ಮಾಡುವುದಕ್ಕೆ ಶ್ರಾದ್ಧವೆಂದು ಹೆಸರು ಬಂತಷ್ಟೆ. ಅಲ್ಲಿಯೂ ಉಪವಾಸ, ನೀರು, ದರ್ಭೆಗಳಿಂದ ದೇಹವನ್ನು ದುಡಿಸಿಯೇ ನೆನೆಯುತ್ತೇವೆ.

ಸಭೆ ಮುಗಿಯುವ ಮುನ್ನ ಅವನು ಮತ್ತೊಂದು ಮಾತು ಹೇಳಿದನು. "ನಾನು ಮೊದಲ ಸಲ ಹೊರಟಾಗ ನಮ್ಮ ಮಾಷ್ಟ್ರಿಗೆ ಕಪಾಟಿನ ಕೀಲಿಕೈ ಸಿಕ್ಕಲಿಲ್ಲ. ಒಂದು ವರ್ಷ ಹೋಯಿತೆಂದು ಆಗ ಬೇಸರಪಟ್ಟೆ. ಆದರೆ ಆ ವರ್ಷವೇ ಹೆಂಚಿನ ಕಾರ್ಖಾನೆಯಲ್ಲಿ ದುಡಿದು, ಸೋರುತ್ತಿದ್ದ ಮನೆಗೆ ಹೆಂಚು ಹೊದಿಸಿ, ಅಮ್ಮನನ್ನು ಒಣಗಿದ ನೆಲದ ಮೇಲೆ ಮಲಗಿಸಿ ಹೋದೆ. ಮಾಷ್ಟ್ರ ದಯೆ" ಎಂದು ಕೈ ಮುಗಿದನು. ಮಕ್ಕಳು ಚಪ್ಪಾಳೆ ತಟ್ಟಿದರು. ನಮ್ಮ ತಲೆ ತಾನಾಗಿ ಬಾಗಿತು. ಅದನ್ನು ವಿನಯವೆಂದು ಎಲ್ಲರೂ ತಿಳಿದರು.

ಸಂಸ್ಕೃತದಲ್ಲಿ ಕೊಡೆಗೆ ಛತ್ರವೆಂದು ಹೆಸರು. ಶಿಷ್ಯನಿಗೆ ಛಾತ್ರನೆಂದು ಹೆಸರು. ಈ ಶಬ್ದವನ್ನು ಸಾಧಿಸುವ ಪಾಣಿನಿಯ ಸೂತ್ರವನ್ನು ಬಿಡಿಸುವಾಗ ವ್ಯಾಖ್ಯಾನಕಾರರು, ಗುರುವಿನ ದೋಷಗಳನ್ನು ಕೊಡೆಯಂತೆ ಮುಚ್ಚುವುದೇ ಶೀಲವಾಗಿ ಉಳ್ಳವನು ಛಾತ್ರನೆಂದು ಹೇಳುತ್ತಾರೆ. ಈ ಮಾತನ್ನು ನಾವು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿಕೊಟ್ಟೆವು. ಪ್ರತಿ ಸಲವೂ ನಗುತ್ತ ಹೇಳಿದೆವು. ನಮಗೂ ಮುಚ್ಚತಕ್ಕ ದೋಷವೊಂದಿದೆಯೆಂದೂ, ಅದರ ಮೇಲೆ ಒಂದು ದಿನ ಕೊಡೆ ಅರಳುವುದೆಂದೂ ತಿಳಿದಿರಲಿಲ್ಲ.

ಆದರೆ ಶಿಷ್ಯನು ಕೊಡೆ ಹಿಡಿದನೆಂದು ಗುರುವು ಅದರ ಕೆಳಗೆ ನಿಂತೇ ಇರಬಹುದೇ? ಮುಂದಿನ ಭಾನುವಾರ ನಾವು ಬಸ್ಸು ಹತ್ತಿ ಬೈಂದೂರಿನ ಕಡೆಗೆ ಹೊರಟೆವು. ಮರವಂತೆಯಲ್ಲಿ ಒಂದು ಪಕ್ಕಕ್ಕೆ ಕಡಲು, ಒಂದು ಪಕ್ಕಕ್ಕೆ ಸೌಪರ್ಣಿಕೆ, ನಡುವೆ ಹಾದಿ. ಇಳಿಯಬೇಕಾದ ನಿಲ್ದಾಣ ಬಂದಾಗ ಬಸ್ಸಿನ ಬಾಗಿಲಿನಲ್ಲಿ ನಮ್ಮ ಕಾಲು ಒಂದು ಗಳಿಗೆ ತಡೆಯಿತು. ನಿರ್ವಾಹಕನು "ಬೇಗ ಇಳಿಯಿರಿ" ಎಂದು ಗದರಿಸಿದನು. ಅದೇ ನಮಗೆ ಹಸಿರು ದೀಪವಾಯಿತು.

ಹೆಂಚಿನ ಮನೆ. ಮಗನು ತೋಟಕ್ಕೆ ಹೋಗಿದ್ದನು. ತಾಯಿ ಬೆಲ್ಲ ನೀರು ತಂದಿಟ್ಟಳು. ಅದನ್ನು ಮುಟ್ಟುವ ಮೊದಲೇ ನಾವು, ಕೀಲಿಕೈ ಅಂದು ಎಲ್ಲಿತ್ತೆಂಬುದನ್ನು ಹೇಳಿಬಿಟ್ಟೆವು. ಅವಳಿಗಾಗಿ ಮಾಡಿದೆವೆಂದು ಮಾತ್ರ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬೊಚ್ಚುಬಾಯಿ ತೆರೆದು ನಕ್ಕು, "ಅವಂಗ್ ಅವತ್ತೇ ಗೊತ್ತಿತ್ತ್ ಮಾಷ್ಟ್ರೇ. ನಿಮ್ಮ್ ಬಿಳಿ ಅಂಗಿ ಕಿಸಿಯಂಗೆ ಕೀ ಕಾಂತಿತ್ತಂಬ್ರ್. ಬೆಲ್ಲ ತಿನ್ನಿ, ನೀರ್ ಕುಡೀನಿ" ಎಂದಳು.

ಬೆಲ್ಲವನ್ನು ತಿಂದು ನೀರು ಕುಡಿದೆವು. ಹೊರಡುವಾಗ ಮಳೆಗಾಲವಲ್ಲದಿದ್ದರೂ ಒಂದು ಹನಿ ಬಿತ್ತು. ಆ ದಿನವೂ ನಮ್ಮ ಕೊಡೆಯನ್ನು ನಾವು ಬಸ್ಸಿನಲ್ಲಿಯೇ ಮರೆತು ಬಂದಿದ್ದೆವು.